ಡಾಕ್ಟರ್ ಥ್ರಾಲರ ಜುಟ್ಟು

ನನ್ನ ತಂಗಿಯ ಗಂಡ ಡಾಕ್ಟರ್ ಎಲಿಫಲೆಟ್ ಥ್ರಾಲ್ ಅವರಿಗೆ ಒಂದು ಕೆಲಸ ಸಾಲುತ್ತಿರಲಿಲ್ಲ. ನಾರ್ತ್ ವಿನ್‌ಫೀಲ್ಡಿನಲ್ಲಿ ಯಾರಿಗೆ ಜ್ವರ ಬಂದರೂ, ಯಾರ ಮೂಳೆ ಮುರಿದರೂ ಅವರೇ ಹೋಗಬೇಕು. ಹೋಗಿ ಬಂದ ಮೇಲೆ ತಮ್ಮ ಅಂಗಡಿಯಲ್ಲಿ ಕೂತು ಔಷಧಿ, ಮೊಳೆ, ಚಹಾ, ಟೋಪಿ ಎಲ್ಲವನ್ನೂ ಮಾರಬೇಕು. ನದಿಯ ದಂಡೆಯಲ್ಲಿ ಬೂದಿ ಕುದಿಸಿ ಕ್ಷಾರ ತೆಗೆಯುವ ಅವರದೇ ಒಂದು ಪೊಟ್ಯಾಶ್ ಭಟ್ಟಿಯಿತ್ತು. ಊರಿನ ಅರ್ಧ ಒಲೆಗಳ ಬೂದಿ ಅಲ್ಲಿಗೇ ಹೋಗುತ್ತಿತ್ತು. ಇಷ್ಟೂ ಸಾಲದೆಂದು ಹಾರ್ಟ್‌ಫರ್ಡಿನ ಶಾಸನಸಭೆಗೆ ಊರಿನ ಪ್ರತಿನಿಧಿಯಾಗಿ ಹೋಗುವ ಆಸೆ ಬೇರೆ. "ನಿನ್ ಗಂಡ ನಿದ್ದೆ ಮಾಡೋದು ಯಾವಾಗ್ಲೇ?" ಎಂದು ಅಮ್ಮ ಕೇಳಿದರೆ ನನ್ನ ತಂಗಿ ಲೊವಿಸಾ, "ಚರ್ಚಲ್ಲಿ, ಪಾದ್ರಿಗಳು ಮಾತಾಡೋವಾಗ" ಎನ್ನುತ್ತಿದ್ದಳು.

ನಾನು ಅಕ್ಕ, ಜೆರೂಷಾ. ಒಂಬತ್ತನೆಯ ವಯಸ್ಸಿನಲ್ಲಿ ನ್ಯೂ ಲಂಡನ್ನಿನ ಸೋದರತ್ತೆಯ ಮನೆಯಲ್ಲಿದ್ದಾಗ ನನಗೆ ಸಿಡುಬು ಬಂತು. ಜೀವ ಉಳಿಸಿತು, ಮುಖವನ್ನು ತೆಗೆದುಕೊಂಡು ಹೋಯಿತು. ಮುಂದೆ ಮದುವೆಯ ಮಾತು ಹಿಡಿದು ಬಂದ ಇಬ್ಬರು ಸೇಬಿನ ಕಡುಬು ತಿಂದು, ನನ್ನ ಮುಖ ನೋಡಿ, ಮಳೆ ಬಿಸಿಲಿನ ಬಗ್ಗೆ ನಾಲ್ಕು ಮಾತಾಡಿ ಎದ್ದುಹೋದರು. ನನಗೆ ದುಃಖವಾಯಿತೆಂದು ಹೇಳಿದರೆ ಸುಳ್ಳು. ಕೋಪ ಬಂತು, ಆ ಕೋಪ ಎಪ್ಪತ್ತು ದಾಟಿದರೂ ಪೂರ್ತಿ ಇಳಿದಿಲ್ಲ. ಆದರೆ ಒಮ್ಮೆ ಸಿಡುಬು ಬಂದವರಿಗೆ ಅದು ಮತ್ತೆ ಬರುವುದಿಲ್ಲ. ಹಾಗಾಗಿ ಡಾಕ್ಟರು ಚುಚ್ಚುಮನೆ ತೆರೆದಾಗ ಅದರ ಉಸ್ತುವಾರಿಗೆ ನನ್ನನ್ನೇ ಕರೆದರು. ಹುಟ್ಟಿದಾಗಿನಿಂದ ಯಾರಾದರೂ ನನ್ನನ್ನು ಬೇಕೆಂದು ಕರೆದದ್ದು ಅದೇ ಮೊದಲು, ಓಡಿಹೋದೆ.

ಚುಚ್ಚುಮನೆ ಎಂದರೆ ಊರಾಚೆ ಗುಡ್ಡದ ಮೇಲಿನ ಒಂದು ಹಳೆಯ ಮನೆ. ಸುತ್ತ ಎದೆಯೆತ್ತರದ ಕಲ್ಲುಗೋಡೆ, ಬಾಗಿಲಲ್ಲಿ ಕೆಂಪು ಬಾವುಟ. ವಸಂತದಲ್ಲಿ ಹದಿನೈದು ಇಪ್ಪತ್ತು ಜನರ ತಂಡಗಳು ಅಲ್ಲಿಗೆ ಬರುತ್ತಿದ್ದವು. ಡಾಕ್ಟರು ಒಬ್ಬೊಬ್ಬರ ತೋಳಿನಲ್ಲೂ ಸಣ್ಣ ಗೀರು ಹಾಕಿ, ಹಿಂದಿನ ತಂಡದವರ ಗುಳ್ಳೆಯ ಕೀವಿನಲ್ಲಿ ಅದ್ದಿದ ದಾರದ ತುಂಡನ್ನು ಅದರೊಳಗಿಟ್ಟು ಕಟ್ಟುತ್ತಿದ್ದರು. ಎಂಟು ದಿನಕ್ಕೆ ಜ್ವರ, ಹತ್ತಿಪ್ಪತ್ತು ಗುಳ್ಳೆ, ಮೂರು ವಾರಕ್ಕೆ ಮನೆ. ಹೀಗೆ ಬೇಕೆಂದೇ ತರಿಸಿಕೊಂಡ ಸಿಡುಬು ಮೆತ್ತಗೆ ಬಂದು ಹೋಗುತ್ತಿತ್ತು. ಆದರೆ ಅದೇ ಸಿಡುಬು ಅವರ ಮೈಯಿಂದ ಬೇರೊಬ್ಬರಿಗೆ ತಾನಾಗಿ ಅಂಟಿಕೊಂಡರೆ ಮೆತ್ತಗಿರುತ್ತಿರಲಿಲ್ಲ, ಕೊಲ್ಲುತ್ತಿತ್ತು. ಗೋಡೆ ಕಟ್ಟಿದ್ದು ಅದಕ್ಕೇ.

ಗೋಡೆಯಷ್ಟೇ ಗಟ್ಟಿಯಾದ ಏಳು ನಿಯಮಗಳನ್ನು ಡಾಕ್ಟರು ತಾವೇ ಬರೆದು ಬಾಗಿಲಿಗೆ ಹೊಡೆದಿದ್ದರು. ಬಸುರಿಯರಿಗೆ ಚುಚ್ಚುವುದಿಲ್ಲ ಎನ್ನುವುದು ಎರಡನೆಯದು. ಆರನೆಯದು ಹೊರಗೆ ಹೋಗುವವರದು: ಗಂಧಕದ ಹೊಗೆಯಲ್ಲಿ ನಿಂತು, ಸೋಪು ಮತ್ತು ವಿನೆಗರಿನಲ್ಲಿ ಮೂರು ಸಲ ಮಿಂದು, ಊರಿನಿಂದ ತರಿಸಿದ ಬಟ್ಟೆ ಉಟ್ಟು, ತಲೆಗೂದಲನ್ನು ಬುಡಕ್ಕೆ ಕತ್ತರಿಸಿಕೊಂಡೇ ಗೋಡೆ ದಾಟಬೇಕು. ಗುಳ್ಳೆಯ ಹಕ್ಕಳೆ ಕೂದಲಿನಲ್ಲಿ ಸಿಕ್ಕಿಕೊಂಡರೆ ನೀರಿಗೂ ಹೋಗುವುದಿಲ್ಲ, ಹೊಗೆಗೂ ಹೋಗುವುದಿಲ್ಲ ಎಂದು ಡಾಕ್ಟರು ಹೇಳುತ್ತಿದ್ದರು. ಕತ್ತರಿ ನನ್ನ ಕೈಯಲ್ಲಿತ್ತು. ಮದುವೆಗೆ ನಿಂತ ಹುಡುಗಿಯರು ಸೊಂಟದವರೆಗಿನ ಕೂದಲಿಗಾಗಿ ಗೋಳಾಡಿದರೂ ನಾನು ಕರಗಲಿಲ್ಲ. ಕತ್ತರಿಸಿದ್ದನ್ನೆಲ್ಲ ಹಿತ್ತಲಿನಲ್ಲಿ ಸುಟ್ಟೆ. ಊರಿನಲ್ಲಿ ಅವರನ್ನು 'ಥ್ರಾಲನ ಕುರಿಗಳು' ಎಂದು ಕರೆದು ನಗುತ್ತಿದ್ದರು. ನಗಲಿ, ಕುರಿಗಳೆಲ್ಲ ಬದುಕಿದ್ದವಲ್ಲ.

ನಾನು ಹೇಳಹೊರಟಿರುವುದು ಸಾವಿರದ ಏಳುನೂರ ತೊಂಬತ್ತೈದನೆಯ ಇಸವಿಯ ಏಪ್ರಿಲಿನ ಮಾತು. ಆಗ ಲೊವಿಸಾಗೆ ಏಳು ತಿಂಗಳು ತುಂಬಿತ್ತು. ಮುನ್ನೂರು ತೋಳಿಗೆ ಗೀರು ಹಾಕಿದ ಡಾಕ್ಟರು ತಮ್ಮ ಹೆಂಡತಿಯ ತೋಳನ್ನು ಮುಟ್ಟಿರಲಿಲ್ಲ. ಮದುವೆಯಾದ ವರ್ಷ ಊರಿನವರು ಚುಚ್ಚುಮನೆಗೆ ಒಪ್ಪಿಗೆಯೇ ಕೊಟ್ಟಿರಲಿಲ್ಲ. ಮರುವರ್ಷ ಅವಳು ಬಸುರಿಯಾಗಿ, ಅದು ಇಳಿದುಹೋಗಿ, ಮೂಳೆ ಚಕ್ಕಳವಾಗಿ ಮಲಗಿದ್ದಳು. ಈ ಸಲ ಮತ್ತೆ ಬಸುರಿ. "ಹೆರಿಗೆ ಆಗ್ಲಿ, ಶರತ್ಕಾಲದ ಮೊದಲನೇ ತಂಡದಲ್ಲಿ ಮೊದಲನೇ ತೋಳು ನಿಂದೇ" ಎಂದು ಅವರು ಹೇಳಿದ್ದರು. ಅಲ್ಲಿಯವರೆಗೆ ಅವಳನ್ನು ಕಾಯಬೇಕಾಗಿತ್ತು. ಅದಕ್ಕಾಗಿ ಡಾಕ್ಟರು ಮಾರ್ಚಿನಿಂದ ಮನೆಗೇ ಹೋಗದೆ ನಮ್ಮೊಂದಿಗೆ ಗೋಡೆಯ ಒಳಗೇ ಉಳಿದಿದ್ದರು. ಅವಳು ಊರಿನೊಳಗೆ ಅಮ್ಮನ ಜೊತೆ ಇದ್ದಳು. ಅಮ್ಮನಿಗೂ ಸಿಡುಬು ಬಂದಿರಲಿಲ್ಲ.

ಬುಧವಾರ, ಶನಿವಾರ ಮಧ್ಯಾಹ್ನ ಲೊವಿಸಾ ಗುಡ್ಡ ಹತ್ತಿ ಬರುತ್ತಿದ್ದಳು. ಗೋಡೆಯಿಂದ ಅರವತ್ತು ಹೆಜ್ಜೆ ದೂರದಲ್ಲಿ ಒಂದು ಬಿಳಿ ಗೂಟ. ಅದರಾಚೆ ನಿಂತು ಕೂಗಬೇಕು. ಕಾವಲಿಗೆ ಸಿಡುಬು ಬಂದುಹೋಗಿದ್ದ ಒಂಟಿಕಾಲಿನ ಹಳೆಯ ಸಿಪಾಯಿ ಓಬೆಡ್ ಇದ್ದ. ಗಂಡಹೆಂಡಿರ ಮಾತನ್ನು ಅವನೂ, ಕಿಟಕಿಗೆ ಮುಗಿಬಿದ್ದ ಇಪ್ಪತ್ತು ಜನ ರೋಗಿಗಳೂ ಕೇಳುತ್ತಿದ್ದರು.

"ಊಟ ಮಾಡಿದ್ಯಾ?" ಎಂದು ಡಾಕ್ಟರು ಕೂಗುತ್ತಿದ್ದರು.

"ಎರಡ್ ಸಲ ಮಾಡ್ದೆ! ಒಂದ್ ಸಲ ನನ್ ಪಾಲಿಂದು, ಒಂದ್ ಸಲ ನಿಮ್ ಪಾಲಿಂದು!"

"ಕಾಲು ಊದಿದ್ಯಾ?"

"ಎಲ್ಲಾರ್ ಎದುರಿಗೂ ಕಾಲ್ ತೋರಿಸ್ಲಾ? ಓಬೆಡ್, ಸ್ವಲ್ಪ ಆ ಕಡೆ ತಿರುಗು!"

"ನಾನು ಯುದ್ಧದಲ್ಲಿ ಇದಕ್ಕಿಂತ ಕೆಟ್ಟದ್ದು ನೋಡಿದೀನಿ, ಅಮ್ಮಾವ್ರೇ!" ಎಂದು ಓಬೆಡ್ ಕೂಗಿದರೆ ಕಿಟಕಿಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಗುವರು. ನಾನೂ ನಗುತ್ತಿದ್ದೆ. ನನ್ನ ತಂಗಿ ನಕ್ಕರೆ ಎದುರಿನವರು ಸುಮ್ಮನಿರುವುದು ಸಾಧ್ಯವಿರಲಿಲ್ಲ.

ಆ ತಿಂಗಳ ಎರಡನೆಯ ಸೋಮವಾರ ಮತದಾನದ ಸಭೆ. ಡಾಕ್ಟರ ಎದುರು ನಿಂತವನು ಚರ್ಚಿನ ಹಿರಿಯ, ಡೀಕನ್ ಸ್ಟೆಬಿನ್ಸ್. ದೇವರು ಕೊಡದ ರೋಗವನ್ನು ಮನುಷ್ಯ ತಾನಾಗಿ ಕೊಡುವುದು ಪಾಪ ಎಂದು ಅವನ ವಾದ. ಗೆದ್ದರೆ ಹಾರ್ಟ್‌ಫರ್ಡಿಗೆ ಹೋಗಿ ಚುಚ್ಚುಮನೆಗಳನ್ನೇ ಮುಚ್ಚಿಸುವ ಕಾನೂನು ತರುತ್ತೇನೆಂದು ಹೇಳಿಕೊಂಡು ತಿರುಗುತ್ತಿದ್ದ. "ಗೋಡೆ ಹಿಂದೆ ಬಚ್ಚಿಟ್ಕೊಂಡೋನಿಗೆ ಚೀಟಿ ಹಾಕ್ತೀರಾ? ಮುಖ ತೋರಿಸೋಕೆ ಹೇಳಿ ಅವನಿಗೆ" ಎನ್ನುತ್ತಿದ್ದನಂತೆ. ಸಭೆಗೆ ಹೋಗದಿದ್ದರೆ ಸೋಲು ಖಂಡಿತ ಎಂದು ಡಾಕ್ಟರಿಗೆ ಗೊತ್ತಾಯಿತು. ಸಭೆಗೆ ಹೋಗಿ, ಮನೆಯ ಕಡೆ ತಲೆ ಹಾಕದೆ, ಹೋದ ದಾರಿಯಲ್ಲೇ ಹಿಂತಿರುಗುವುದೆಂದು ನಿರ್ಧರಿಸಿದರು. ಮೂರು ದಿನ ರೋಗಿಗಳಿಂದ ದೂರ, ಹಿತ್ತಲ ಗುಡಿಸಲಿನಲ್ಲಿ ಒಬ್ಬರೇ ಇದ್ದರು. ಹೊಗೆ ತೆಗೆದುಕೊಂಡರು. ಚರ್ಮ ಕಿತ್ತುಬರುವ ಹಾಗೆ ಮೂರು ಸಲ ಮಿಂದರು. ಸೋಮವಾರ ಬೆಳಿಗ್ಗೆ ಸ್ಟೂಲಿನ ಮೇಲೆ ಕೂತು ಕೊರಳಿಗೆ ಟವೆಲ್ ಸುತ್ತಿಕೊಂಡರು.

"ಕತ್ತರಿಸು, ಜೆರೂಷಾ."

ಅವರದು ಬೆನ್ನಿನ ನಡುವಿನವರೆಗೆ ಇಳಿಯುವ ದಟ್ಟವಾದ ಕಂದು ಕೂದಲು. ಅದನ್ನು ಹಿಂದಕ್ಕೆ ಬಾಚಿ, ಕಪ್ಪು ರಿಬ್ಬನ್ನಿನಿಂದ ಜುಟ್ಟು ಕಟ್ಟಿ, ಮೇಲೆ ಬಿಳಿ ಪುಡಿ ಹಾಕಿದರೆ ಡಾಕ್ಟರು ಅರ್ಧ ಅಡಿ ಎತ್ತರವಾದ ಹಾಗೆ ಕಾಣುತ್ತಿದ್ದರು. ನಾನು ಕತ್ತರಿ ಎತ್ತಿದವಳು ಹಾಗೇ ನಿಂತೆ.

"ಇವತ್ತು ಬೇಡ, ಡಾಕ್ಟ್ರೇ."

"ಬೇಡ ಅಂದ್ರೆ?"

"ಕುರಿ ಹಾಗೆ ಹೋಗಿ ನಿಂತ್ರೆ ಡೀಕನ್ ಸುಮ್ನೆ ಬಿಡ್ತಾನಾ? ಪ್ಯಾರಿಸ್ಸಲ್ಲಿ ರಾಜನ ತಲೆ ತೆಗೆದೋರೂ ಹಿಂಗೇ ಕೂದಲು ಕತ್ತರಿಸ್ಕೊಂಡಿದಾರೆ ಅಂತ ಆಗ್ಲೇ ಅಂಗಡಿ ಮುಂದೆ ಭಾಷಣ ಬಿಗೀತಿದಾನಂತೆ. ನಿಮ್ಮನ್ನ ನೋಡಿದ್ ತಕ್ಷಣ 'ನೋಡಿ, ನಮ್ಮೂರಿನ ರಾಜಹಂತಕ' ಅಂತಾನೆ. ಎಲ್ಲಾ ಮುಗೀತು."

"ನಿಯಮ ಬರೆದವನು ನಾನು."

"ಬರೆದೋರು ನೀವು, ತೊಳೆಯೋಳು ನಾನು. ಮೂರಲ್ಲ, ಆರು ಸಲ ತೊಳೀತೀನಿ. ಸಣ್ಣ ಬಾಚಣಿಗೆ ಹಾಕಿ ಎಳೆ ಎಳೆ ಬಿಡಿಸ್ತೀನಿ. ಆಮೇಲೂ ಅದರಲ್ಲಿ ಏನಾದ್ರೂ ಇದ್ರೆ ನನ್ ಹೆಸರು ಜೆರೂಷಾ ಅಲ್ಲ."

ಅವರು ನೀರಿನ ಬೋಗುಣಿಯಲ್ಲಿ ತಮ್ಮ ಮುಖ ನೋಡಿಕೊಂಡರು. "ಅಷ್ಟು ಸಾಕಾ?" ಎಂದು ಕೇಳಿದರು. ಊರಿಗೆಲ್ಲ ಔಷಧಿ ಹೇಳುವ ಮನುಷ್ಯ ನನ್ನನ್ನು ಕೇಳಿದರು.

"ಸಾಕು" ಎಂದೆ.

ಯಾಕೆ ಹಾಗೆಂದೆ ಎಂದು ಎಷ್ಟು ಸಲ ನನ್ನನ್ನೇ ಕೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಅವರು ಸೋಲಬಾರದೆಂದಿತ್ತು. ಚುಚ್ಚುಮನೆ ಮುಚ್ಚಿದರೆ ನಾನು ಮತ್ತೆ ಅಮ್ಮನ ಅಡಿಗೆಮನೆಯ ಮೂಲೆಗೆ ಹೋಗಬೇಕಿತ್ತು, ಅದೂ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ, ನನ್ನ ಮನೆಯ ಒಬ್ಬ ಮನುಷ್ಯ ಚೆನ್ನಾಗಿ ಕಾಣಬೇಕು, ಎಲ್ಲರೂ ತಿರುಗಿ ನೋಡಬೇಕು ಎನ್ನುವ ಹೆಮ್ಮೆ. ನನ್ನ ಮುಖಕ್ಕೆ ಸಿಗದಿದ್ದದ್ದು ಅವರ ತಲೆಗಾದರೂ ಸಿಗಲಿ ಎಂದಿರಬೇಕು. ಆರು ಸಲ ತೊಳೆದೆ, ಬಾಚಿದೆ, ಪುಡಿ ಹಾಕಿದೆ, ರಿಬ್ಬನ್ ಕಟ್ಟಿದೆ. ನನ್ನ ಗಂಟು ಯಾವಾಗಲೂ ವಕ್ರ.

ಸಂಜೆ ಅವರು ಹಿಂತಿರುಗಿದಾಗ ಓಬೆಡ್ ಟೋಪಿ ಹಾರಿಸಿ, "ಗೆದ್ರು! ಇಪ್ಪತ್ತೊಂದು ಚೀಟಿ ಹೆಚ್ಚು!" ಎಂದು ಗೋಡೆಯಾಚೆಯಿಂದಲೇ ಕೂಗಿದ. ರೋಗಿಗಳು ತಟ್ಟೆ ಬಡಿದು ಹಾಡಿದರು. ಡಾಕ್ಟರು ಎಲ್ಲರಿಗೂ ಒಂದೊಂದು ಮಾತು ಹೇಳಿ ಗುಡಿಸಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ಸಭೆಯಲ್ಲಿ ಭಾಷಣ ಮಾಡಿ ದಣಿದಿರಬೇಕೆಂದುಕೊಂಡೆ.

ಬುಧವಾರ ಲೊವಿಸಾ ಬಂದಳು, ಬುಟ್ಟಿ ತುಂಬ ಕೇಕು ಹೊತ್ತು. ಗೆದ್ದವರ ಮನೆಯವರು ಊರಿಗೆಲ್ಲ ದ್ರಾಕ್ಷಿ ಹಾಕಿದ ಕೇಕು ಹಂಚುವುದು ನಮ್ಮಲ್ಲಿ ವಾಡಿಕೆ. ಬುಟ್ಟಿಯನ್ನು ಗೂಟದ ಬಳಿ ಇಟ್ಟು, ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟಳು.

"ಅಕ್ಕಾ! ಅದೇನ್ ಗಂಟೇ ಅದು! ಹಂದಿ ಕಟ್ಟೋ ಹಗ್ಗದ ಹಾಗೆ!"

ನನಗೆ ತಕ್ಷಣ ಅರ್ಥವಾಗಲಿಲ್ಲ. "ಯಾವ ಗಂಟು?"

"ಇವರ ಜುಟ್ಟಿಂದು! ಸೋಮವಾರ ಜನ ಎಲ್ಲ ಮೆರವಣಿಗೆ ಮಾಡ್ಕೊಂಡು ನಮ್ ಗೇಟ್ ತನಕ ಎಳ್ಕೊಂಡು ಬಂದ್ಬಿಟ್ರು. ನಾನು ಕೇಕ್ ತಟ್ಟೆ ಹಿಡ್ಕೊಂಡು ನಿಂತಿದೀನಿ. 'ಹತ್ರ ಬರ್ಬೇಡ' ಅಂತ ಹಿಂದಕ್ಕೆ ಹಿಂದಕ್ಕೆ ಹೋಗ್ತಾರೆ. ಶಾಸನಸಭೆಗೆ ಹೋಗೋ ಮನುಷ್ಯ, ಜುಟ್ಟು ಬಲಗಿವಿ ಕಡೆ! ಹಿಂದಿನಿಂದ ಹೋಗಿ ಹಿಡ್ಕೊಂಡು ಬಿಚ್ಚಿ, ಬೆರಳಲ್ಲೇ ಬಾಚಿ, ಸರಿಯಾಗಿ ಕಟ್ಟಿ ಕಳಿಸ್ದೆ. ಊರೆಲ್ಲ ಚಪ್ಪಾಳೆ!"

ಕಿಟಕಿಯಲ್ಲಿದ್ದವರೂ ಚಪ್ಪಾಳೆ ತಟ್ಟಿದರು. ನಾನು ಡಾಕ್ಟರ ಕಡೆ ತಿರುಗಿದೆ. ಅವರು ಗೋಡೆಯ ಮೇಲೆ ಎರಡೂ ಕೈಯೂರಿ ಅವಳನ್ನೇ ನೋಡುತ್ತಿದ್ದರು. ಸೋಮವಾರ ಅವರು ಬಾಗಿಲು ಹಾಕಿಕೊಂಡದ್ದು ಯಾಕೆಂದು ಆಗ ನನಗೆ ಅರ್ಥವಾಯಿತು.

ಅವಳು ಹೋದ ಮೇಲೆ ಔಷಧಿ ಕೋಣೆಗೆ ಹೋದೆ. ಡಾಕ್ಟರು ಗೀರು ಹಾಕುವ ಚಾಕುವನ್ನು ಮೇಜಿನ ಮೇಲಿಟ್ಟುಕೊಂಡು ಕೂತಿದ್ದರು. ಕೂದಲನ್ನು ತಾವೇ ಹೇಗೆ ಹೇಗೋ ಕತ್ತರಿಸಿಕೊಂಡಿದ್ದರು; ಅಲ್ಲಲ್ಲಿ ನೆತ್ತಿ ಕಾಣುತ್ತಿತ್ತು.

"ಇನ್ನೂ ಸಮಯ ಇದೆ" ಎಂದರು. "ಅಂಟಿಕೊಂಡ ಸಿಡುಬು ಏಳೋಕೆ ಹನ್ನೆರಡು ದಿನ ಬೇಕು. ಚುಚ್ಚಿದ್ದು ಎಂಟು ದಿನಕ್ಕೆ ಏಳುತ್ತೆ. ಇವತ್ತೇ ಚುಚ್ಚಿದ್ರೆ ಮೆತ್ತಗಿರೋದು ಮುಂದೆ ಓಡುತ್ತೆ, ಅವಳು ಉಳೀಬಹುದು."

"ಮಗು?"

"ಮಗು ಹೋಗುತ್ತೆ. ಒಂದೊಂದ್ಸಲ ತಾಯಿನೂ." ಚಾಕುವನ್ನು ಒಂದಿಷ್ಟು ಆ ಕಡೆ ತಳ್ಳಿದರು. "ಅಂಟದೇ ಇದ್ರೆ, ಏನೂ ಆಗದೇ ಇರೋ ಹೆಂಡತೀನ ನಾನೇ ಕೈಯಾರೆ ಕೊಂದ ಹಾಗೆ. ನೀನು ಆರು ಸಲ ತೊಳೆದೆಯಲ್ವಾ? ಸರಿಯಾಗಿ ತೊಳೆದೆ ತಾನೇ, ಜೆರೂಷಾ?"

ಇಲ್ಲಿ ನಾನು ಎರಡನೆಯ ತಪ್ಪು ಮಾಡಿದೆ, ಮೊದಲನೆಯದಕ್ಕಿಂತ ದೊಡ್ಡದು. ನನಗೆ ಗೊತ್ತಿಲ್ಲ ಎಂದು ಹೇಳಬೇಕಿತ್ತು. ಕತ್ತರಿಸಬೇಕಾದದ್ದನ್ನು ತೊಳೆದೆ, ತೊಳೆದದ್ದು ಸಾಕೋ ಇಲ್ಲವೋ ನನಗೆ ಹೇಗೆ ಗೊತ್ತಾಗಬೇಕು? ಆದರೆ ಹಾಗೆಂದರೆ ತಪ್ಪು ಒಪ್ಪಿಕೊಂಡಂತಾಗುತ್ತಿತ್ತು.

"ಎಳೆ ಎಳೆಯಾಗಿ ತೊಳೆದಿದೀನಿ. ಏನೂ ಆಗಲ್ಲ. ಸುಮ್ನೆ ಹುಚ್ಚರ ಹಾಗೆ ಯೋಚಿಸ್ಬೇಡಿ" ಎಂದು ಗದರಿಸಿಯೇ ಬಿಟ್ಟೆ.

ಅವರು ಚಾಕುವನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟರು.

ಶನಿವಾರ ಅವಳು ಬಂದಳು. ಡಾಕ್ಟರು ಏನೂ ಆಗದವರ ಹಾಗೆ, "ತಲೆನೋವೇನಾದ್ರೂ ಇದ್ಯಾ?" ಎಂದು ಕೂಗಿದರು. "ನಿಮ್ ಬೋಳು ತಲೆ ನೋಡಿ ಬಂತು!" ಎಂದಳು. ಮುಂದಿನ ಬುಧವಾರವೂ ಬಂದಳು. "ಬೆನ್ನು?" "ಹೊಟ್ಟೇಲಿ ನಿಮ್ಮ ಮಗ ಕುಸ್ತಿ ಆಡ್ತಿದಾನೆ, ಬೆನ್ನು ನೋಯದೇ ಇರುತ್ತಾ?" ಆ ರಾತ್ರಿ ನಾನು ಕಣ್ಣು ಮುಚ್ಚಲಿಲ್ಲ. ಗುರುವಾರ, ಶುಕ್ರವಾರ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ರೋಗಿಗಳ ನಡುವೆ ಓಡಾಡಿದೆವು. ಹನ್ನೆರಡನೆಯ ದಿನವಾದ ಶನಿವಾರ ದಾಟಿದರೆ ಗೆದ್ದಂತೆ ಎಂದು ಇಬ್ಬರಿಗೂ ಗೊತ್ತಿತ್ತು. ದೇವರನ್ನು ಅಷ್ಟು ನಾಚಿಕೆಯಿಲ್ಲದೆ ಮತ್ತೆಂದೂ ಬೇಡಿದ್ದು ನನಗೆ ನೆನಪಿಲ್ಲ.

ಶನಿವಾರ ಮಧ್ಯಾಹ್ನ ಗುಡ್ಡ ಹತ್ತಿ ಬಂದವಳು ಅಮ್ಮ, ಒಬ್ಬಳೇ. ಎದೆ ಹಿಡಿದುಕೊಂಡು ಬಿಳಿ ಗೂಟವನ್ನೂ ದಾಟಿ ಬಂದಳು. ಓಬೆಡ್ ತಡೆಯಲು ಹೋದರೆ ಅವನನ್ನೇ ತಳ್ಳಿದಳು.

"ಬೆಳಿಗ್ಗೆಯಿಂದ ಮೈ ಕೆಂಡ ಆಗಿದೆ. ಸೊಂಟ ಮುರಿದುಹೋಗ್ತಿದೆ ಅಂತಾಳೆ. ಹೆರಿಗೆ ನೋವು ಅಂದ್ಕೊಂಡೆ, ಸೂಲಗಿತ್ತಿ ಅಲ್ಲ ಅಂತಾಳೆ. ಏನಪ್ಪಾ ಇದು?"

ಡಾಕ್ಟರು ಅಮ್ಮನ ತೋಳು ಹಿಡಿದು, ಗೋಡೆಯ ಮೇಲೇ ಇಟ್ಟು, ಅವಳಿಗೆ ಅರ್ಥವಾಗುವ ಮೊದಲೇ ಗೀರು ಹಾಕಿ ದಾರವಿಟ್ಟು ಕಟ್ಟಿದರು. "ಇನ್ನು ಮೂರು ವಾರ ನೀವು ಒಳಗೆ" ಎಂದರು. ಅಮ್ಮ ಕಿರುಚಿದಳು, ಬೈದಳು, ಅವರ ಕೆನ್ನೆಗೆ ಹೊಡೆದಳು. ಓಬೆಡ್ ಅವಳನ್ನು ಹಿಡಿದುಕೊಂಡ. ಅಡಿಗೆಗೆಂದು ನಮ್ಮಲ್ಲಿದ್ದ, ಸಿಡುಬು ಬಂದುಹೋಗಿದ್ದ ಒಬ್ಬ ಮುದುಕಿಗೆ ಚುಚ್ಚುಮನೆ ಒಪ್ಪಿಸಿ, ಡಾಕ್ಟರೂ ನಾನೂ ಗುಡ್ಡ ಇಳಿದು ಓಡಿದೆವು. ಹೀಗೆ ಅಮ್ಮ ಗೋಡೆಯ ಒಳಗಾದಳು, ಅವಳ ಸಾಯುವ ಮಗಳು ಹೊರಗಾದಳು.

ಮೂರನೆಯ ದಿನ ಗುಳ್ಳೆ ಎದ್ದವು, ಬಿಡಿಬಿಡಿಯಾಗಿ ಅಲ್ಲ, ಒಂದಕ್ಕೊಂದು ಕೂಡಿಕೊಂಡು. ಅದನ್ನು ನೋಡಿದ ಡಾಕ್ಟರು ಹಿತ್ತಲಿಗೆ ಹೋಗಿ ಸೌದೆಯ ರಾಶಿಗೆ ಹಣೆ ಒತ್ತಿ ನಿಂತರು. ಆಮೇಲೆ ಒಳಗೆ ಬಂದು, ವೈದ್ಯ ಮಾಡಬೇಕಾದದ್ದನ್ನೆಲ್ಲ ಮಾಡಿದರು. ಏಳನೆಯ ದಿನ ಮಗು ಹುಟ್ಟಿತು. ಗಂಡು. ಅಳಲಿಲ್ಲ. ಅವರು ಅದನ್ನು ತಮ್ಮ ಅಂಗಿಯಲ್ಲಿ ಸುತ್ತಿ ಬಹಳ ಹೊತ್ತು ತೊಡೆಯ ಮೇಲಿಟ್ಟುಕೊಂಡಿದ್ದರು.

ಮರುದಿನ ಮಧ್ಯಾಹ್ನ ಅವರು ಪಕ್ಕದ ಕೋಣೆಯಲ್ಲಿ ಕೂತಲ್ಲೇ ತೂಕಡಿಸುತ್ತಿದ್ದಾಗ ಲೊವಿಸಾ ನನ್ನನ್ನು ಕರೆದಳು. ಕಣ್ಣು ಊದಿ ಮುಚ್ಚಿಹೋಗಿತ್ತು. ನನ್ನ ಕೈ ಎಲ್ಲಿದೆಯೆಂದು ತಡವಿ ಹಿಡಿದುಕೊಂಡಳು.

"ಅಕ್ಕಾ, ಬಿಚ್ಚಿದ್ದು ನಾನೇ ಅಲ್ವಾ?"

"ಏನನ್ನ?"

"ಗಂಟನ್ನ. ಅವರು ಬೇಡ ಬೇಡ ಅಂತ ಹಿಂದೆ ಸರೀತಿದ್ರು. ನಾನೇ ಕೇಳ್ಲಿಲ್ಲ. ಎಲ್ಲಾರೂ ನಗ್ತಿದ್ರು, ನನಗೂ ಮಜಾ ಬಂತು." ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಳು. "ಮಗೂನ ನಾನೇ ಕೊಂದೆ. ಅವರು ತಮ್ ತಪ್ಪು ಅಂದ್ಕೊಂಡು ಒಳಗೊಳಗೇ ಸಾಯ್ತಿದಾರೆ. ನೀನು ಹೇಳ್ತೀಯಾ? ತಪ್ಪು ಲೊವಿದು ಅಂತ ಹೇಳು. ನಾನ್ ಹೇಳಿದ್ರೆ ಅವರು ಕೇಳಲ್ಲ."

ಆಗಲಾದರೂ ಹೇಳಬೇಕಿತ್ತು. ತಪ್ಪು ನಿನ್ನದಲ್ಲ ತಂಗಿ, ಅವರು ಕತ್ತರಿಸು ಅಂದರು, ನಾನು ಬೇಡ ಅಂದೆ ಎಂದು ಒಂದೇ ಒಂದು ಮಾತು. ಮಾತು ಬಾಯಿಗೆ ಬಂತು. ಅವಳು ನನ್ನ ಕೈ ಬಿಟ್ಟುಬಿಟ್ಟರೆ ಎಂದು ಹೆದರಿಕೆಯಾಯಿತು. "ಯಾರ ತಪ್ಪೂ ಇಲ್ಲ, ಮಲಕ್ಕೋ" ಎಂದೆ. ಅವಳು ಇಲ್ಲವೆನ್ನುವಂತೆ ತಲೆಯಾಡಿಸಿದಳು. ಕೊಲೆಗಾತಿ ಎಂದು ತನ್ನನ್ನೇ ಅಂದುಕೊಂಡು, ಸಂಜೆ ದೀಪ ಹಚ್ಚುವ ಮೊದಲು ನನ್ನ ತಂಗಿ ಹೋದಳು. ಇಪ್ಪತ್ತಮೂರು ವರ್ಷ ಅವಳಿಗೆ.

ಸಿಡುಬು ಬಂದುಹೋದವರು ಮಾತ್ರ ಹೆಣ ಹೊರಬಹುದು. ಊರಿನಲ್ಲಿ ಅಂಥವರು ಯಾರಿದ್ದರು? ಕುರಿಗಳೇ. ಆ ವಸಂತದಲ್ಲಿ ನಾನು ತಲೆಗೂದಲು ಕತ್ತರಿಸಿ ಕಳಿಸಿದ್ದ ಆರು ಜನ ಹುಡುಗರು ಬಂದು, ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತರು. ಗುಡ್ಡದ ಗೋಡೆಯ ಮೇಲೆ ಅಮ್ಮ ನಿಂತಿದ್ದಳು. ಓಬೆಡ್ ಅವಳ ಸೊಂಟ ಹಿಡಿದಿದ್ದ. ಅಷ್ಟು ದೂರದಿಂದಲೂ ಅವಳ ಕೂಗು ನಮಗೆ ಕೇಳಿಸುತ್ತಿತ್ತು.

ಮೂರು ವಾರಕ್ಕೆ ಅಮ್ಮನನ್ನು ಹೊರಗೆ ಕಳಿಸುವಾಗ ಅವಳ ಬಿಳಿ ಕೂದಲನ್ನು ನಾನೇ ಕತ್ತರಿಸಿದೆ. ಹನ್ನೆರಡು ಗುಳ್ಳೆ ಎದ್ದಿದ್ದವು, ಅಷ್ಟೇ. ಅವಳು ಬದುಕಿದ್ದಳು. "ಯಾಕೆ ಬದುಕ್ಸಿದ್ರಿ ನನ್ನ?" ಎಂದು ಮಾತ್ರ ಕೇಳಿದಳು.

ಮೇ ತಿಂಗಳಲ್ಲಿ ಶಾಸನಸಭೆ ಕೂಡುವ ಮೊದಲಿನ ಭಾನುವಾರ ಡಾಕ್ಟರು ಚರ್ಚಿನಲ್ಲಿ ತಪ್ಪೊಪ್ಪಿಕೊಳ್ಳುತ್ತೇನೆಂದು ಪಾದ್ರಿಗಳಿಗೆ ಬರೆದುಕೊಟ್ಟರು. ನಮ್ಮಲ್ಲಿ ದೊಡ್ಡ ತಪ್ಪು ಮಾಡಿದವರು ನಡುದಾರಿಯಲ್ಲಿ ಎದ್ದು ನಿಲ್ಲಬೇಕು. ಅವರು ಬರೆದದ್ದನ್ನು ಪಾದ್ರಿಗಳು ಎಲ್ಲರ ಎದುರು ಓದುತ್ತಾರೆ. ಆಮೇಲೆ ಗಂಡಸರು ಕೈಯೆತ್ತಿ, ಕ್ಷಮಿಸುವುದೋ ಬಿಡುವುದೋ ಎಂದು ತೀರ್ಮಾನಿಸುತ್ತಾರೆ. ಡಾಕ್ಟರು ತಮ್ಮ ಚಿಗುರುತ್ತಿದ್ದ ಮೋಟುಗೂದಲಿನ ತಲೆ ಬಗ್ಗಿಸಿ ನಿಂತರು. ಹೆಂಗಸರ ಕಡೆ ನಾನೂ ಅಮ್ಮನೂ ಕೂತಿದ್ದೆವು.

ಪಾದ್ರಿಗಳು ಓದಿದರು: 'ನಾನು ಎಲಿಫಲೆಟ್ ಥ್ರಾಲ್, ನನ್ನದೇ ನಿಯಮವನ್ನು ನನ್ನ ಒಣ ಜಂಭಕ್ಕಾಗಿ ಮುರಿದೆ. ಎಲ್ಲರ ಕೂದಲು ತೆಗೆಸಿದೆ, ನನ್ನದನ್ನು ಉಳಿಸಿಕೊಂಡೆ. ಕತ್ತರಿಸಿಕೊಳ್ಳುವ ಮನಸ್ಸೇ ನನಗೆ ಆಗಲಿಲ್ಲ. ನನ್ನ ಹೆಂಡತಿ, ನನ್ನ ಮಗ ಅದರಿಂದ ಸತ್ತರು. ಇದರಲ್ಲಿ ಬೇರೆ ಯಾರ ಪಾಲೂ ಇಲ್ಲ.'

ಎದ್ದು ನಿಲ್ಲಬೇಕೆಂದು ಬೆಂಚಿನ ಅಂಚು ಹಿಡಿದೆ. ಹಿಡಿದೇ ಕೂತೆ.

ಎಲ್ಲರಿಗಿಂತ ಮೊದಲು ಎದ್ದವನು ಡೀಕನ್ ಸ್ಟೆಬಿನ್ಸ್. ನಾನು ಹಲ್ಲು ಕಚ್ಚಿಕೊಂಡೆ. "ಈ ವಸಂತದಲ್ಲಿ ಆ ಮನೇಲಿ ಐವತ್ತೆಂಟು ಜನ ಇದ್ರು" ಎಂದ ಅವನು. "ಒಬ್ರೂ ಸಾಯ್ಲಿಲ್ಲ. ನನಗೆ ಗೊತ್ತಿಲ್ಲದ ಹಾಗೆ ಹೋಗಿದ್ದ ನನ್ನ ಮೊಮ್ಮಗಳೂ ಅದ್ರಲ್ಲೊಬ್ಳು. ನಾನು ಈ ಮನುಷ್ಯನ ವಿರೋಧಿ, ನಿಮಗೆಲ್ಲ ಗೊತ್ತು. ಇವನಿಗೆ ಇನ್ನೇನು ಶಿಕ್ಷೆ ಕೊಡೋಕಾಗುತ್ತೆ ನಮಗೆ? ಕೈ ಎತ್ತಿ." ತಾನೇ ಮೊದಲು ಕೈಯೆತ್ತಿದ. ಗಂಡಸರ ಕೈಗಳೆಲ್ಲ ಮೇಲೆದ್ದವು. ಡಾಕ್ಟರು ತಲೆಯೆತ್ತಿ ಆ ಕೈಗಳನ್ನು ನೋಡಿದರು. ಬೈಯಲಿ ಎಂದು ಬಂದವರಿಗೆ ಬೈಗುಳವೂ ಸಿಗಲಿಲ್ಲ. ಅಮ್ಮ ಮಾತ್ರ ಎದ್ದು, ಎಲ್ಲರ ಎದುರೇ ಹೊರಗೆ ನಡೆದಳು. ನಾನು ಅವಳ ಹಿಂದೆ ಹೋದೆ.

ಹಾರ್ಟ್‌ಫರ್ಡಿಗೆ ಹೊರಡುವ ದಿನ ಅವರು ಕುದುರೆ ಹತ್ತುವ ಮೊದಲು ನಾನು ಲಾಯಕ್ಕೆ ಹೋಗಿ ನಿಂತೆ.

"ಸುಳ್ಳು ಯಾಕ್ ಬರೆದ್ರಿ? ಕತ್ತರಿಸು ಅಂತ ನೀವು ಕೂತಿದ್ರಿ. ಬೇಡ ಅಂದೋಳು ನಾನು. ಆಮೇಲೆ ಏನೂ ಆಗಲ್ಲ ಅಂದೋಳೂ ನಾನೇ."

ಅವರು ಜೀನಿನ ಪಟ್ಟಿ ಬಿಗಿಯುತ್ತಲೇ ಇದ್ದರು. "ನಿನ್ನ ಹೆಸರು ಬರೆದಿದ್ರೆ ನಿನ್ನ ತಾಯಿಗೆ ಒಬ್ಬಳು ಮಗಳೂ ಉಳೀತಿರ್ಲಿಲ್ಲ" ಎಂದರು. "ನನ್ನನ್ನ ಬೈಯ್ಯೋಕೆ ಅವರಿಗೆ ಯಾರಾದ್ರೂ ಜೊತೆ ಬೇಕು. ನೀನು ಅವರ ಹತ್ರ ಇರು."

ಹಾಗೆ ನಾನು ಅಮ್ಮನ ಹತ್ತಿರ ಇದ್ದೆ. ಡಾಕ್ಟರು ಹನ್ನೊಂದು ಸಲ ಶಾಸನಸಭೆಗೆ ಆರಿಸಿಬಂದರು. ಐದಾರು ವರ್ಷಕ್ಕೆ ಹಸುವಿನ ಸಿಡುಬನ್ನು ಚುಚ್ಚುವ ಹೊಸ ವಿದ್ಯೆ ಬಂತು. ಅದು ಯಾರಿಗೂ ಅಂಟುವುದಿಲ್ಲ, ಗೋಡೆ ಬೇಡ, ಬಾವುಟ ಬೇಡ. ಅವರು ಚುಚ್ಚುಮನೆಯನ್ನು ಕೆಡವಿಸಿ, ಆ ಕಲ್ಲನ್ನೆಲ್ಲ ಯಾರು ಬೇಕಾದರೂ ಒಯ್ಯಲಿ ಎಂದು ಬಿಟ್ಟರು. ಮತ್ತೆ ಮದುವೆಯಾಗಲಿಲ್ಲ. ಪ್ರತಿ ಚಳಿಗಾಲಕ್ಕೂ ನಮ್ಮ ಬಾಗಿಲಿಗೆ ಸೌದೆಯ ಗಾಡಿ ಬರುತ್ತಿತ್ತು. ಕಳಿಸಿದವರು ಯಾರೆಂದು ಗೊತ್ತಿದ್ದೂ ಅಮ್ಮ ಅದನ್ನು ಉರಿಸುತ್ತ, ಆ ಬೆಂಕಿಯ ಎದುರು ಕೂತು ಅವರನ್ನು ಶಪಿಸುತ್ತಿದ್ದಳು. ಬೆಳಿಗ್ಗೆ ಗಂಜಿಯ ಮುಂದೆ, ಮಧ್ಯಾಹ್ನ ರೊಟ್ಟಿಯ ಮುಂದೆ. "ಜುಟ್ಟಿಗೋಸ್ಕರ ನನ್ ಮಗಳನ್ನ ತಿಂದ" ಎನ್ನುವಳು. ನಾನು ಅವಳ ತಟ್ಟೆಗೆ ರೊಟ್ಟಿ ಹಾಕುತ್ತಿದ್ದೆ. ದಾರಿಯಲ್ಲಿ ಅವರು ಎದುರಾದರೆ ಅಮ್ಮ ಮುಖ ತಿರುಗಿಸುವಳು, ಅವಳ ತೋಳು ಹಿಡಿದಿದ್ದ ನಾನೂ ಮುಖ ತಿರುಗಿಸುತ್ತಿದ್ದೆ. ಅವರು ಟೋಪಿ ತೆಗೆದು ನಿಲ್ಲುತ್ತಿದ್ದರು.

ಅಮ್ಮ ಹನ್ನೆರಡು ವರ್ಷ ಬದುಕಿದಳು. ಕೊನೆಯ ಬೆಳಿಗ್ಗೆ ಡಾಕ್ಟರು ಹೊರಗೆ ಅಂಗಳದಲ್ಲಿ ನಿಂತಿದ್ದಾರೆ, ಒಳಗೆ ಬರಲು ಅಪ್ಪಣೆ ಕೇಳುತ್ತಿದ್ದಾರೆ ಎಂದು ಹೇಳಿದೆ. "ಬೇಡ" ಎಂದಳು. ಆಮೇಲೆ ನನ್ನನ್ನು ಹತ್ತಿರ ಕರೆದು, ಯಾರೂ ಎಂದೂ ಮುಟ್ಟದ ನನ್ನ ಈ ತೂತು ತೂತು ಕೆನ್ನೆಯ ಮೇಲೆ ಕೈಯಿಟ್ಟಳು.

"ನೀನೊಬ್ಳೇ ಕಣೇ ಅವಳಿಗೆ ಕೈಲಾದದ್ದೆಲ್ಲ ಮಾಡ್ದೋಳು" ಎಂದಳು. "ಮೇಲೆ ಹೋಗಿ ಲೊವಿಗೂ ಅದನ್ನೇ ಹೇಳ್ತೀನಿ."

ನಾನು "ಹೂಂ ಅಮ್ಮ" ಎಂದೆ.